ಬಾವಿಯಿಂದ ಬಂದ ಕುವೈತ್ ಚಾಕು

ಆ ಭಾನುವಾರ ಬಾವಿಯ ದಂಡೆಯ ಮೇಲೆ ಇದ್ದವರು ಇವರು: ನನ್ನ ಸೋದರತ್ತೆ, ಅವಳ ಗಂಡನ ತಾಯಿ, ಗಂಡನ ತಮ್ಮ, ಹೂಳೆತ್ತಲು ಬಂದಿದ್ದ ಮೇಸ್ತ್ರಿ, ಹಗ್ಗ ಎಳೆಯುವ ಅವನ ಆಳುಗಳು, ಮತ್ತೆ ನಾನು. ಮುದುಕಿಯನ್ನು ನಾನು ಅಜ್ಜಿ ಅನ್ನುತ್ತಿದ್ದೆ, ಅತ್ತೆಯ ಮೈದುನನನ್ನು ಚಿಕ್ಕಮಾವ ಅನ್ನುತ್ತಿದ್ದೆ. ಬಾವಿಯೊಳಗೆ ಇಬ್ಬರು ಸೊಂಟದವರೆಗೆ ಕೆಸರಿನಲ್ಲಿ ನಿಂತು ಮಂಕರಿ ತುಂಬುತ್ತಿದ್ದರು. ಇರಬೇಕಾದವರು ಒಬ್ಬರು ಮಾತ್ರ ಅಲ್ಲಿರಲಿಲ್ಲ. ಅತ್ತೆಯ ಗಂಡ, ನನ್ನ ಮಾವ. ಅವರು ಮನೆ ಬಿಟ್ಟು ಹೋಗಿ ಆಗಲೇ ಏಳೆಂಟು ವರ್ಷವಾಗಿತ್ತು.

ಊರು ಕೆಂಚಾರ್ಲಹಳ್ಳಿ. ಆಗ ನಮ್ಮದಿನ್ನೂ ಕೋಲಾರ ಜಿಲ್ಲೆಯೇ. ಚಿಕ್ಕಬಳ್ಳಾಪುರದವರು ಜಿಲ್ಲೆ ಬೇಕು, ಜಿಲ್ಲೆ ಬೇಕು ಅಂತ ಕೂಗುತ್ತಿದ್ದ ಕಾಲ. ನಾನು ಚಿಂತಾಮಣಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅತ್ತೆಯ ಮನೆಯಲ್ಲಿ ರೇಷ್ಮೆಹುಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪಿಗೆ ಬಾಯಿಬಿಡುವ ದಿನಗಳಲ್ಲಿ ನನ್ನದೂ ಒಂದು ಕೈ ಇರಲಿ ಅಂತ ರಜಾದಿನ ಅಲ್ಲಿಗೆ ಹೋಗುವುದು ವಾಡಿಕೆ. ಹುಳುಗಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಕೇಳಿಸುತ್ತಿತ್ತು. ನನಗೆ ಅದು ಬಹಳ ಇಷ್ಟ.

ಹಿಪ್ಪುನೇರಳೆ ತೋಟದ ಬೋರು ಆ ವರ್ಷ ನೀರಿಗಿಂತ ಗಾಳಿಯನ್ನೇ ಹೆಚ್ಚಾಗಿ ಕಕ್ಕುತ್ತಿತ್ತು. ಹಾಗಾಗಿ ಚಿಕ್ಕಮಾವ ಮನಸ್ಸು ಗಟ್ಟಿಮಾಡಿ ಹಳೆಯ ತೆರೆದ ಬಾವಿಯ ಹೂಳು ತೆಗೆಸಲು ಕೂತಿದ್ದರು. ಮಂಕರಿ ಮೇಲೆ ಬರುತ್ತಿತ್ತು, ಕಪ್ಪು ಕೆಸರು ರಾಶಿ ಬೀಳುತ್ತಿತ್ತು. ಅಜ್ಜಿ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೋಲಿನಿಂದ ಕೆದಕುತ್ತಾ, ಬಾವಿಗೆ ಬಿದ್ದಿದ್ದ ತನ್ನ ಹಳೆಯ ಹಿತ್ತಾಳೆ ಚೊಂಬನ್ನು ಹುಡುಕುತ್ತಿದ್ದಳು.

"ನಿನ್ನ ಚೊಂಬು ಸಿಕ್ಕಿದ್ರೆ ನಂಗೆ ಅದ್ರಲ್ಲಿ ಮಜ್ಜಿಗೆ ಕೊಡ್ಬೇಕಮ್ಮೋ" ಅಂತ ಮೇಸ್ತ್ರಿ ರೇಗಿಸಿದ.

"ಮಜ್ಜಿಗೆ ಯಾಕಪ್ಪ, ಹಾಲೇ ಕೊಡ್ತೀನಿ. ನನ್ನ ತೌರಿನ ಚೊಂಬು ಅದು" ಅಂದಳು ಅಜ್ಜಿ. ಅವಳ ಮನೆಮಾತು ತೆಲುಗು. ಕನ್ನಡವನ್ನೂ ತೆಲುಗಿನ ರಾಗದಲ್ಲೇ ಎಳೆದು ಆಡುತ್ತಿದ್ದಳು. ಅಷ್ಟರಲ್ಲಿ ಅವಳ ಕೋಲಿಗೆ ಏನೋ ತಗುಲಿತು. ಬಾಗಿ ನೋಡಿದಳು.

"ಏಮಿರಾ ಇದಿ, ಎರ್ರಗಾ ಉಂದಿ?"

ಏನೋ ಕೆಂಪಗಿದೆ ಅಂತ ಅವಳು ಕರೆದಿದ್ದಕ್ಕೆ ಚಿಕ್ಕಮಾವ ಬಂದು ಕಾಲಿನಿಂದ ಕೆಸರು ಸರಿಸಿದರು. ಹೆಬ್ಬೆರಳಿಗಿಂತ ದಪ್ಪ, ಅಂಗೈಯಷ್ಟು ಉದ್ದ. ಕೆಂಪು ಹಿಡಿ. ಹಿಡಿಯ ಮೇಲೆ ಬೆಳ್ಳಿಬಣ್ಣದ ಪುಟ್ಟ ಶಿಲುಬೆಯ ಗುರುತು. ಮಡಚುವ ಚಾಕು. ಒಂದೇ ಹಿಡಿಯೊಳಗೆ ಕತ್ತರಿ, ಅಲಗು, ಡಬ್ಬಿ ತೆರೆಯುವುದು, ಎಲ್ಲ ಅಡಗಿ ಕೂತಿರುವಂಥದ್ದು.

ಚಿಕ್ಕಮಾವ ಹಿಂದಕ್ಕೆ ಹೆಜ್ಜೆ ಇಟ್ಟರು. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಅತ್ತೆ ಹೊರೆಯನ್ನು ಅಲ್ಲೇ ಇಳಿಸಿದಳು. ಯಾರೂ ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ಮನೆಗೆ ಸೂತಕ ಬಂದಂತೆ ಅನ್ನುವ ಹಾಗೆ ಎಲ್ಲರೂ ಕೈಕಟ್ಟಿ ನಿಂತರು.

ಏಕೆಂದರೆ ಅಂಥ ಚಾಕು ಆ ಊರಿನಲ್ಲಿ ಒಬ್ಬರ ಬಳಿ ಮಾತ್ರ ಇತ್ತು. ಮಾವನ ಬಳಿ.

ಮಾವ ಹೋದದ್ದು ಹೀಗೆ. ಅವರು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ಕುದುರಿಸುವ ಕೆಲಸ ಮಾಡುತ್ತಿದ್ದರು. ಒಂದು ಸಂಜೆ ಅಣ್ಣತಮ್ಮಂದಿರಿಗೆ ಮಾತು ಬೆಳೆಯಿತು. ತಮ್ಮನಿಗೆ ಬೋರು ಕೊರೆಸಬೇಕು, ಅಣ್ಣನಿಗೆ ಬಾವಿಯನ್ನೇ ಆಳ ಮಾಡಿಸಬೇಕು. ಮಾತಿನ ಭರದಲ್ಲಿ ಚಿಕ್ಕಮಾವ, "ಹಂಗಾದ್ರೆ ಆ ಬಾವೀಲೇ ಬಿದ್ದಿರು ಹೋಗು" ಅಂದುಬಿಟ್ಟರು. ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಲೂನಾ ಹತ್ತಿ ಶಿಡ್ಲಘಟ್ಟಕ್ಕೆ ಹೋದರು. ಲೂನಾ ಅಲ್ಲಿನ ಬಸ್‌ಸ್ಟ್ಯಾಂಡಿನ ಗೋಡೆಗೆ ಒರಗಿಕೊಂಡು ಸಿಕ್ಕಿತು. ಮಾವ ಸಿಗಲಿಲ್ಲ. ಯಾವ ಬಸ್ಸು ಹತ್ತಿದರೋ, ಹತ್ತದೆ ಕತ್ತಲಾದ ಮೇಲೆ ನಡೆದು ಊರಿಗೇ ಬಂದರೋ, ಹೇಳುವವರು ಯಾರೂ ಇರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ. ಚಿಕ್ಕಮಾವ ಅಂದಿನಿಂದ ಆ ಬಾವಿಯ ಕಡೆ ಬಗ್ಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಏನಣ್ಣ, ಯಾರ್ದದು?" ಮೇಸ್ತ್ರಿ ಕೇಳಿದ. ಚಿಕ್ಕಮಾವನ ಮುಖ ನೋಡಿ ಅವನಿಗೇ ಅರ್ಥವಾಯಿತು. ಊರಿನ ಕಥೆ ಅವನಿಗೂ ಗೊತ್ತಿತ್ತು. ಹಗ್ಗ ಅಲ್ಲಾಡಿಸಿ ಒಳಗಿದ್ದವರನ್ನು ಕೂಗಿದ. "ಲೇ, ಮೇಲಕ್ಕೆ ಬರ್ರಲೇ. ಇದ್ದಂಗೇ ಬರ್ರಿ."

ಇಬ್ಬರೂ ಕೆಸರು ಮೈಯಲ್ಲೇ ಮೇಲೆ ಬಂದು ಚಾಕು ನೋಡಿದರು. ಒಬ್ಬ ಬಾವಿಯ ಕಡೆ ತಿರುಗಿ ಕೈಮುಗಿದ.

"ನೋಡಣ್ಣ, ತಪ್ಪು ತಿಳ್ಕೋಬೇಡ" ಅಂದ ಮೇಸ್ತ್ರಿ. "ಹೂಳಾದ್ರೆ ಎತ್ತುತೀವಿ, ಕಲ್ಲಾದ್ರೆ ಒಡೀತೀವಿ. ಒಳಗೆ ಮನುಷ್ಯ ಅವ್ನೆ ಅಂದ್ರೆ ನಾವು ಇಳಿಯಲ್ಲ. ಅದು ಪೊಲೀಸ್ನೋರ ಕೆಲ್ಸ. ಮೊದ್ಲು ಇದು ಯಾರ್ದು ಅಂತ ಇತ್ಯರ್ಥ ಮಾಡ್ಕಳ್ರಿ. ನಾಳೆ ಬರ್ತೀವಿ."

ಅವರು ಹೋದ ಮೇಲೆ ಬಾವಿ ಒಂದು ಬಾಯಿಯ ಹಾಗೆ ಕಾಣತೊಡಗಿತು. ಅರ್ಧ ಬಗೆದಿದ್ದರು. ಇನ್ನರ್ಧದ ಕೆಸರು ಹಾಗೇ ಇತ್ತು. ಅದರ ಕೆಳಗೆ ಏನಿದೆಯೋ.

ಮೊದಲು ಮಾತಾಡಿದ್ದು ಅಜ್ಜಿ. "ಇದಿ ನಾ ಕೊಡುಕುದಿ ಕಾದು. ನನ್ನ ಮಗಂದಲ್ಲ ಕಣ್ರೋ. ಯಾರದೋ." ಅತ್ತೆ ಬಗ್ಗಿ ಕೂತು, ಮುಟ್ಟದೆ, ಚಾಕುವಿನ ಸಂದುಗಳನ್ನೇ ನೋಡುತ್ತಿದ್ದಳು. ಕೀಲಿನ ಪಕ್ಕದಲ್ಲಿ, ಕರಿಯ ಕೆಸರಿನ ನಡುವೆ, ಒಂದು ಕೆಂಪು ಗೆರೆ ಒಸರಿದಂತೆ ಕಾಣುತ್ತಿತ್ತು.

"ಇದು ನಾನಿಟ್ಟ ಕುಂಕುಮ" ಅಂದಳು.

"ಅತ್ತೆ..."

"ವರ್ಷಾ ವರ್ಷಾ ಆಯುಧಪೂಜೆಗೆ ನಾನೇ ಇಡ್ತಿದ್ನಲ್ಲ. ಸಂದಿನೊಳಕ್ಕೆ ಇಳಿದುಬಿಡೋದು. ತೊಳ್ಕೊಡೇ ಅಂತ ಬೈಯ್ಯೋರು. ನಾನಿಟ್ಟಿದ್ದು ನಂಗೆ ಗೊತ್ತಾಗಲ್ವೇನೇ?"

ಅವಳು ಹಾಗಂದಾಗ ನಾನು ಅವಳ ಮುಖ ನೋಡಿದೆ. ಅತ್ತೆಯ ಹಣೆಯ ಮೇಲೆ ಅಗಲವಾದ ಕುಂಕುಮವಿತ್ತು. ಕೊರಳಲ್ಲಿ ತಾಳಿ, ಕೈತುಂಬ ಹಸಿರು ಗಾಜಿನ ಬಳೆ. ಇಷ್ಟು ವರ್ಷ ಊರಿನವರು ಏನೇನೋ ಅಂದರೂ ಅವಳು ಒಂದು ಬಳೆಯನ್ನೂ ಕಡಿಮೆ ಮಾಡಿರಲಿಲ್ಲ. ಆ ಚಾಕು ಮಾವನದೇ ಆದರೆ, ಇವತ್ತು ಸಂಜೆಯೊಳಗೆ ಊರಿನ ಹೆಂಗಸರು ಮನೆಯ ಮುಂದೆ ಬಂದು ಕೂರುತ್ತಾರೆ. ನಾನು ಆ ಬಳೆಗಳನ್ನೇ ನೋಡುತ್ತಿದ್ದೆ. ಅವಳಿಗೂ ಅದೇ ಹೊಳೆಯಿತೋ ಏನೋ, ಎರಡು ಕೈಯನ್ನೂ ಸೆರಗಿನೊಳಗೆ ಮುಚ್ಚಿಕೊಂಡಳು.

ಚಿಕ್ಕಮಾವ ಬೇವಿನ ಬುಡದಲ್ಲಿ ಕೂತುಬಿಟ್ಟಿದ್ದರು. "ನಾನು ಅಂದೆ. ನಾನೇ ಅಂದೆ ಅವತ್ತು" ಅಂತ ಅಷ್ಟನ್ನೇ ಹೇಳುತ್ತಿದ್ದರು.

ಆಗ ನನಗೆ ನೆನಪಾದದ್ದು ನಮ್ಮ ಮನೆಯಲ್ಲಿದ್ದ ಚಾಕು.

ನಮ್ಮಪ್ಪ ಕುವೈತಿನಲ್ಲಿ ಡ್ರೈವರ್ ಆಗಿದ್ದವರು. ಅಲ್ಲಿ ಯುದ್ಧ ಬಂದ ವರ್ಷ, ನಾನಾಗ ಚಿಕ್ಕ ಹುಡುಗಿ, ಮರಳುಗಾಡು ದಾಟಿ, ಯಾವ್ಯಾವುದೋ ದೇಶದ ಡೇರೆಗಳಲ್ಲಿ ಮಲಗಿ, ವಿಮಾನ ಹತ್ತಿ, ಒಂದು ಕೈಚೀಲದೊಂದಿಗೆ ಮನೆಗೆ ಬಂದರು. ಟೇಪ್‌ರೆಕಾರ್ಡರ್, ಕಂಬಳಿ, ಸೀರೆ, ತಂಗಿಗೆ ಅಂತ ತೆಗೆದಿಟ್ಟ ಬಂಗಾರ, ಎಲ್ಲ ಅಲ್ಲೇ ಉಳಿಯಿತು. ಚೀಲದಲ್ಲಿ ಇದ್ದದ್ದು ಒಂದು ಜೊತೆ ಬಟ್ಟೆ ಮತ್ತು ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೊಂಡಿದ್ದ ಎರಡು ಕೆಂಪು ಚಾಕು. ಒಂದನ್ನು ತಾವು ಇಟ್ಟುಕೊಂಡು ಇನ್ನೊಂದನ್ನು ತಂಗಿಯ ಗಂಡನಿಗೆ ಕೊಟ್ಟರು. ಊರಿಗೆಲ್ಲ ಅದು ಕುವೈತ್ ಚಾಕು. ಮಾವ ಅದರ ಚಿಕ್ಕ ಅಲಗಿನಿಂದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಸೀಳಿ, ಒಳಗಿನ ಹುಳು ಹೇಗಿದೆ ಅಂತ ಗೂಡಿನಿಂದ ನೂಲು ತೆಗೆಸುವ ರೀಲರ್‌ಗಳಿಗೆ ತೋರಿಸುತ್ತಿದ್ದರು.

ಒಂದು ವಿಷಯ ಮಾತ್ರ ಆ ಎರಡು ಚಾಕುಗಳಿಗೂ ಬೇರೆಯಾಗಿತ್ತು. ಚಾಕುವಿನ ಬೆನ್ನಿನಲ್ಲಿ ತಿರುಚಿದ ಒಂದು ಸುರುಳಿ ಮೊಳೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ಹಂದಿಬಾಲ ಅನ್ನುತ್ತಿದ್ದೆವು. ಅದು ಯಾತಕ್ಕೆ ಅಂತ ಯಾರಿಗೂ ತಿಳಿಯದೆ ಅಮ್ಮ ಗೋಣಿಚೀಲದ ಗಂಟು ಬಿಚ್ಚಲು ಬಳಸುತ್ತಿದ್ದಳು. ಶಿಡ್ಲಘಟ್ಟದ ಒಬ್ಬ ರೀಲರ್ ಸಾಹೇಬರು ನಕ್ಕು ಮಾವನಿಗೆ ಹೇಳಿದರಂತೆ, "ಇದು ಫಾರಿನ್‌ನಲ್ಲಿ ಶರಾಬಿನ ಬಾಟಲಿ ಬಿರಡೆ ಕೀಳೋದಕ್ಕೆ ಕಣಪ್ಪ." ಮಾವ ಮನೆಗೆ ಬಂದು ಅದನ್ನೊಂದು ತಮಾಷೆ ಅಂತ ಹೇಳಿದರು. ಅಜ್ಜಿ ತಮಾಷೆ ಅಂದುಕೊಳ್ಳಲಿಲ್ಲ. "ಸಾರಾಯಿ ಸಾಮಾನು ಅಮ್ಮನೋರ ಮುಂದೆ ಪೂಜೆಗೆ ಇಡ್ತೀಯೇನೋ? ತೀಸೈರಾ, ತೆಗೆದುಹಾಕೋ!" ಅಂತ ಕೂಗಾಡಿದಳು. ಮಾವ ಚಿಂತಾಮಣಿಯ ವೆಲ್ಡಿಂಗ್ ಅಂಗಡಿಗೆ ಹೋಗಿ ಆ ಹಂದಿಬಾಲವನ್ನು ಬುಡದವರೆಗೆ ಕತ್ತರಿಸಿಕೊಂಡು ಬಂದರು. ಬೆರಳಿಗೆ ಚುಚ್ಚುವ ಒಂದು ಮೋಟು ಮಾತ್ರ ಉಳಿದಿತ್ತು. ಅಂಥ ಮೋಟು ಇರುವ ಚಾಕು ಪ್ರಪಂಚದಲ್ಲಿ ಇನ್ನೊಂದು ಇರಲಾರದು.

"ಬೆನ್ನಿನಲ್ಲಿ ಮೋಟು ಇದೆಯಾ ನೋಡಿದ್ರೆ ಮುಗೀತಲ್ಲ ಅತ್ತೆ" ಅಂದೆ.

ನೋಡುವುದು ಸುಲಭವಿರಲಿಲ್ಲ. ಬೆನ್ನಿನ ಸಂದಿನಲ್ಲೆಲ್ಲ ಹೂಳು ಕಲ್ಲಿನಂತೆ ಕೂತಿತ್ತು. ಸೀಮೆಎಣ್ಣೆಯಲ್ಲಿ ನೆನೆಸಬೇಕು. ಹಾಗಂದ ಕೂಡಲೇ ಅತ್ತೆ ತಲೆಯೆತ್ತಿದಳು. "ಸೀಮೆಎಣ್ಣೆ ಇಲ್ಲಿ ಬೇಡ. ಹುಳು ಇದಾವೆ." ಗಂಡ ಇದ್ದಾನೋ ಇಲ್ಲವೋ ಅನ್ನುವ ಹೊತ್ತಿನಲ್ಲೂ ಅವಳಿಗೆ ಅದು ಮರೆಯಲಿಲ್ಲ. ಹುಳುಮನೆಯ ಹತ್ತಿರ ಸೀಮೆಎಣ್ಣೆಯ ವಾಸನೆ ಸುಳಿದರೂ ಸಾಕು, ಇಡೀ ಬೆಳೆ ಸೊಪ್ಪು ಬಿಟ್ಟು ಮಲಗಿಬಿಡುತ್ತದೆ. ಊದುಬತ್ತಿ ಹಚ್ಚದ ಮನೆ ಅದು.

ಹಾಗಾಗಿ ನಾನೇ ಚಾಕುವನ್ನು ಹಳೆಯ ಗೋಣಿಯ ತುಂಡಿನಲ್ಲಿ ಸುತ್ತಿಕೊಂಡು ಚಿಂತಾಮಣಿಯ ನಮ್ಮ ಮನೆಗೆ ಅಂತ ಬಸ್ಸು ಹತ್ತಿದೆ. ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, "ಅವನದಲ್ಲ ಅಂತ ಹೇಳಿ ಕಳ್ಸಮ್ಮ" ಅಂದಳು. ಏನು ಕಂಡರೂ ಅದನ್ನೇ ಹೇಳು ಅಂದಳೋ, ಅದನ್ನೇ ಕಾಣಲಿ ಅಂತ ಹರಸಿದಳೋ ತಿಳಿಯಲಿಲ್ಲ.

ಬಸ್ಸಿನಲ್ಲಿ ಗೋಣಿಯ ತೇವ ನನ್ನ ಮಡಿಲಿಗೆ ಇಳಿಯಿತು. ಪಕ್ಕದಲ್ಲಿ ಕೂತ ಹೆಂಗಸು, "ಏನಮ್ಮ ಅದು, ಮೀನಾ?" ಅಂತ ಮೂಗು ಮುಚ್ಚಿಕೊಂಡಳು. ಹೂಳಿನ ವಾಸನೆ. "ಮೀನಲ್ಲಮ್ಮ, ಕಬ್ಬಿಣದ ಸಾಮಾನು" ಅಂದೆ. ಚಿಕ್ಕಂದಿನಲ್ಲಿ ಮಾವ ನನ್ನನ್ನು ಲೂನಾದ ಮುಂದೆ ನಿಲ್ಲಿಸಿಕೊಂಡು ಇದೇ ರಸ್ತೆಯಲ್ಲಿ ಕರೆದುಕೊಂಡು ಹೋಗಿದ್ದರು. ಈಗ ಅವರನ್ನೇ ಗೋಣಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಂತೆ ಆಗಿ, ಪ್ರತಿ ಹಳ್ಳದಲ್ಲಿ ಬಸ್ಸು ಎತ್ತಿ ಹಾಕಿದಾಗಲೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಅಪ್ಪ ವಿಷಯ ಕೇಳಿ ಎದ್ದು ಬೀರುವಿನಿಂದ ತಮ್ಮ ಚಾಕು ತಂದರು. ನೆಲಕ್ಕೆ ಪೇಪರು ಹಾಸಿ, ತಟ್ಟೆಗೆ ಸೀಮೆಎಣ್ಣೆ ಹುಯ್ದು, ಬಾವಿಯ ಚಾಕುವನ್ನು ಅದರಲ್ಲಿ ಇಟ್ಟರು. ಅಮ್ಮ ದೇವರ ಮನೆಯ ಬಾಗಿಲು ಎಳೆದುಕೊಂಡು ಬಂದು ಗೋಡೆಗೆ ಒರಗಿ ನಿಂತಳು.

ಬಹಳ ಹೊತ್ತು ನೆನೆದ ಮೇಲೆ ಅಪ್ಪ ಚೀಲ ಹೊಲಿಯುವ ದಬ್ಬಳದಿಂದ ಸಂದುಗಳನ್ನು ಕೆರೆಯತೊಡಗಿದರು. ಮೊದಲು ಆ ಕೆಂಪು ಹೊರಗೆ ಬಂತು. ಬೆರಳಿನಲ್ಲಿ ಉಜ್ಜಿದರು. ಮರಳು ಮರಳಾಗಿತ್ತು. "ಕೆಮ್ಮಣ್ಣು ಕಣೇ. ಕುಂಕುಮ ಹಿಂಗಿರಲ್ಲ" ಅಂದರು. ದಂಡೆಯ ಕೆಮ್ಮಣ್ಣು ಮಳೆಯಲ್ಲಿ ಕೊಚ್ಚಿಕೊಂಡು ಬಾವಿಗೆ ಇಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಆಮೇಲೆ ಅವರು ಚಾಕುವನ್ನು ಬೋರಲು ಹಾಕಿ ಬೆನ್ನು ಕೆರೆದರು. ಒಂದು ತುದಿಯ ಹೂಳು ಪುಡಿಪುಡಿಯಾಗಿ ಉದುರಿತು. ಒಳಗೆ ಬಿಳಿಯ ಉಕ್ಕು ಮಿಂಚಿತು. ಗಿಡ್ಡ. ಮೊಂಡು. ಅಷ್ಟೇ ಅಷ್ಟು.

ಅಪ್ಪನ ಕೈ ನಿಂತಿತು.

"ಮೋಟು" ಅಂದಳು ಅಮ್ಮ, ಬಾಯಿಗೆ ಸೆರಗು ಒತ್ತಿಕೊಂಡು.

ಅಪ್ಪ ದಬ್ಬಳವನ್ನು ಪೇಪರಿನ ಮೇಲೆ ಇಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ನೋಡಿದರು. ಮತ್ತೆ ತೆಗೆದರು. "ನಾನೇ ತಂದುಕೊಟ್ಟೆನಲ್ಲ" ಅಂದರು. "ಎಲ್ಲ ಬಿಟ್ಟು ಓಡಿ ಬರೋವಾಗ ಇದೊಂದನ್ನ ಯಾಕೆ ತಂದ್ನೋ."

ಅತ್ತೆಗೆ ಹೇಗೆ ಹೇಳುವುದು ಅಂತ ನನ್ನ ತಲೆ ಆಗಲೇ ಓಡತೊಡಗಿತ್ತು. ಫೋನು ಮಾಡುವುದೋ, ಹೋಗಿ ಹೇಳುವುದೋ. ಯಾರು ಮೊದಲು ಅಳುತ್ತಾರೋ. ಆದರೂ ನನ್ನ ಕಣ್ಣು ಆ ಗಿಡ್ಡ ಉಕ್ಕಿನ ಮೇಲೇ ಇತ್ತು. ಪಕ್ಕದಲ್ಲಿ ಅಪ್ಪನ ಚಾಕು ಮಲಗಿತ್ತು. ಅದರ ಹಂದಿಬಾಲ ಬೆನ್ನಿನ ನಟ್ಟನಡುವೆ. ಇಲ್ಲಿ ಕಂಡ ಮೋಟು ಮಾತ್ರ ಕೊನೆಯ ಅಂಚಿನಲ್ಲಿತ್ತು.

"ಅಪ್ಪ, ಹಂದಿಬಾಲ ಅಲ್ಲಿರಲ್ಲ. ನಡುವೆ ಇರುತ್ತೆ. ಇನ್ನೊಂಚೂರು ಕೆರೆಯಿರಿ."

"ಬೇಡ ಬಿಡಮ್ಮ."

"ಕೊಡಿ ಇಲ್ಲಿ."

ನಾನು ದಬ್ಬಳ ತೆಗೆದುಕೊಂಡೆ. ಒಂದು ಸಲ ಅದು ಜಾರಿ ಹೆಬ್ಬೆರಳಿಗೆ ಚುಚ್ಚಿತು. ಆ ಮೊಂಡು ತುದಿಯ ಕೆಳಗೆ ದಬ್ಬಳ ತೂರಿಸಿ ಮೀಟಿದೆ. ಅದು ಮೋಟಲ್ಲ. ಕರಕರ ಅಂತ ಏಳತೊಡಗಿತು. ಎದ್ದು ನಿಂತಾಗ ನೋಡಿದರೆ ಬಾಗಿದ ಪುಟ್ಟ ಕೊಕ್ಕೆ! ಅಂಗಡಿಯವರು ದಾರ ಕಟ್ಟಿದ ಪೊಟ್ಟಣ ತೂಗುಹಾಕುವ ಕೊಕ್ಕೆಯಂಥದ್ದು. ಅಪ್ಪನ ಚಾಕುವಿನಲ್ಲಿ ಅಂಥದ್ದು ಇರಲೇ ಇಲ್ಲ. ನಡುವಿನ ಹೂಳನ್ನೂ ಕೆರೆದೆ. ಅಲ್ಲಿ ಹಂದಿಬಾಲವೂ ಇಲ್ಲ, ಕತ್ತರಿಸಿದ ಗುರುತೂ ಇಲ್ಲ. ಆ ಜಾಗದಲ್ಲಿ ಪ್ಲಸ್ ಸ್ಕ್ರೂಡ್ರೈವರ್ ಇತ್ತು.

ಅಪ್ಪ ಎರಡೂ ಚಾಕುವನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದರು. ದೊಡ್ಡ ಅಲಗು, ಚಿಕ್ಕ ಅಲಗು, ಕತ್ತರಿ, ಎಲ್ಲ ಒಂದೇ. ಬೆನ್ನು ಮಾತ್ರ ಬೇರೆ. "ಇದು ಬೇರೆ ಜಾತಿ ಕಣಮ್ಮ. ನಾನು ತಂದಿದ್ದು ಎರಡೂ ಒಂದೇ ಪೆಟ್ಟಿಗೇಲಿದ್ದವು. ಒಂದರ ಹಾಗೆ ಒಂದು" ಅಂದರು. ಅಮ್ಮ ನೆಲದ ಮೇಲೆ ಕೂತು ಅತ್ತಳು.

ಕೆಂಚಾರ್ಲಹಳ್ಳಿಗೆ ಫೋನು ಮಾಡಿದೆ. ಎತ್ತಿಕೊಂಡದ್ದು ಚಿಕ್ಕಮಾವ. ಎಲ್ಲ ಹೇಳಿದೆ.

"ನಿಮ್ಮಪ್ಪ ನಮ್ಮ ಸಮಾಧಾನಕ್ಕೆ ಹೇಳ್ತಿದಾರೆ" ಅಂದರು. "ಹದಿನೈದು ವರ್ಷದ ಹಿಂದೆ ತಂದ ಸಾಮಾನು. ಎರಡೂ ಒಂದೇ ಥರ ಇತ್ತು ಅಂತ ಯಾರಿಗೆ ನೆನಪಿರುತ್ತಮ್ಮ? ನಮ್ಮಣ್ಣನ ಚಾಕೂಲಿ ಕೊಕ್ಕೆ ಇರಲಿಲ್ಲ ಅಂತ ನಂಗಂತೂ ನೆನಪಿಲ್ಲ. ಮೇಸ್ತ್ರಿಗೆ ಏನಂತ ಹೇಳಲಿ?"

ಹೆದರಿದವರಿಗೆ ನೆಂಟರ ಮಾತು ಸಾಕಾಗುವುದಿಲ್ಲ. ಮಾರನೆಯ ಬೆಳಿಗ್ಗೆ ಶಾಲೆಗೆ ರಜೆ ಹಾಕಿ, ಬಸ್‌ಸ್ಟ್ಯಾಂಡಿನ ಪಕ್ಕದ ಸೈಬರ್ ಸೆಂಟರ್ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಕೂತೆ. ಆ ಕಾಲದ ಇಂಟರ್ನೆಟ್ಟು, ಒಂದು ಚಿತ್ರ ಬರಬೇಕಾದರೆ ಮೇಲಿನಿಂದ ಗೆರೆಗೆರೆಯಾಗಿ ಇಳಿಯಬೇಕು. ಚಾಕುವಿನ ಹಿಡಿ ಕಾಣಿಸಿ, ನಿಂತು, ಆಮೇಲೆ ಅಲಗು ಕಾಣಿಸುವಷ್ಟರಲ್ಲಿ ನನಗೆ ಜೀವ ಹೋಗಿ ಬಂದಂತಾಗುತ್ತಿತ್ತು.

ಮನುಷ್ಯರಿಗೆ ಜಾತಕ ಬರೆಯುವ ಹಾಗೆ ಚಾಕುಗಳಿಗೆ ಜಾತಕ ಬರೆದಿಡುವ ಜನರೂ ಪ್ರಪಂಚದಲ್ಲಿದ್ದಾರೆ ಅಂತ ಅವತ್ತು ತಿಳಿಯಿತು. ಅಲಗಿನ ಬುಡದಲ್ಲಿ ಯಾವ ಅಕ್ಷರ ಒತ್ತಿದೆ, ಉಂಗುರ ಎಲ್ಲಿ ಕೂಡಿಸಿದೆ, ಡಬ್ಬಿ ತೆರೆಯುವ ಅಲಗಿನ ತುದಿ ಚೂಪೋ ಮೊಂಡೋ, ಇವನ್ನೆಲ್ಲ ನೋಡಿ ಯಾವ ಕಾಲದ್ದು, ಯಾವ ಬಗೆಯದು ಅಂತ ಹೇಳುತ್ತಾರೆ. ಹಂದಿಬಾಲ ಇರುವುದಕ್ಕೆ ಒಂದು ಹೆಸರು, ಅದೇ ಜಾಗದಲ್ಲಿ ಪ್ಲಸ್ ಸ್ಕ್ರೂಡ್ರೈವರ್ ಇರುವುದಕ್ಕೆ ಇನ್ನೊಂದು ಹೆಸರು. ಕೊಕ್ಕೆಯ ವಿಷಯ ಹುಡುಕಿ ಹುಡುಕಿ ಕಣ್ಣು ಉರಿದವು. ಕೊನೆಗೆ ಒಂದು ಪುಟದಲ್ಲಿ ಸಿಕ್ಕಿತು. ಬೆನ್ನಿನ ಆ ಕೊಕ್ಕೆಯನ್ನು ಸೇರಿಸಿದ್ದೇ ತೊಂಬತ್ತರ ದಶಕದ ಶುರುವಿನಲ್ಲಿ, ಕುವೈತಿನ ಯುದ್ಧವಾದ ಮೇಲೆ. ಅಪ್ಪ ಕೈಚೀಲ ಹಿಡಿದು ಮನೆಗೆ ಬಂದಾಗ ಕೊಕ್ಕೆಯಿರುವ ಚಾಕು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅಂದಮೇಲೆ ಬಾವಿಯ ಚಾಕುವನ್ನು ಅಪ್ಪ ತಂದಿರಲು ಸಾಧ್ಯವೇ ಇಲ್ಲ.

ಚಿತ್ರವಿದ್ದ ಆ ಪುಟವನ್ನು ಪ್ರಿಂಟ್ ತೆಗೆಸಿಕೊಂಡು ಓಡಿ ಬಸ್ಸು ಹತ್ತಿದೆ.

ಮೇಸ್ತ್ರಿ ಮತ್ತು ಆಳುಗಳು ಬೇವಿನ ನೆರಳಲ್ಲಿ ಕೂತಿದ್ದರು. ಚಿಕ್ಕಮಾವ ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. ನಾನು ಕಾಗದವನ್ನೂ ಎರಡು ಚಾಕುಗಳನ್ನೂ ಮುಂದಿಟ್ಟು, ಕೊಕ್ಕೆ ಎತ್ತಿ ತೋರಿಸಿ, ಮಕ್ಕಳಿಗೆ ಪಾಠ ಹೇಳುವ ಹಾಗೆ ಹೇಳಿದೆ. ಚಿಕ್ಕಮಾವ ಕೊಕ್ಕೆಯನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡಿದರು.

ಅಜ್ಜಿ ಕಾಗದವನ್ನು ತಲೆಕೆಳಗಾಗಿ ಹಿಡಿದು, "ಇದರಲ್ಲಿ ನನ್ನ ಮಗ ಎಲ್ಲಿದಾನೆ ಅಂತ ಬರೆದಿದೆಯಾ?" ಅಂದಳು.

"ಇಲ್ಲಜ್ಜಿ."

"ಮತ್ತೆ ಯಾತಕ್ಕೆ ಕಾಸು ಕೊಟ್ಟು ತಂದೆ?"

ಆಳುಗಳು ನಕ್ಕರು. ಅತ್ತೆ ನಗಲಿಲ್ಲ. ಅವಳು ಹುಳುಮನೆಯ ಬಾಗಿಲಲ್ಲಿ ಸೊಪ್ಪಿನ ಕಡ್ಡಿ ಹಿಡಿದು ನಿಂತೇ ಎಲ್ಲ ಕೇಳಿಸಿಕೊಂಡಿದ್ದಳು.

"ಚಾಕು ಅವರದಲ್ಲ. ಸರಿ" ಅಂದಳು. "ಹಂಗಂತ ಅವರು ಒಳಗಿಲ್ಲ ಅಂತ ಆಯ್ತಾ? ಅವರು ಚಾಕು ಜೇಬಲ್ಲಿಟ್ಕೊಂಡೇ ಬೀಳ್ಬೇಕು ಅಂತಿದ್ಯಾ?"

ನಾನು ಬಿಡಿಸಿಕೊಂಡು ಬಂದದ್ದು ಚಾಕುವಿನ ಗಂಟು ಮಾತ್ರ. ಮೇಸ್ತ್ರಿ ಎದ್ದು ಹೋಗುತ್ತಾನೇನೋ ಅಂತ ಎಲ್ಲರೂ ಅವನ ಮುಖ ನೋಡಿದೆವು. ಅವನು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ.

"ಅಮ್ಮೋ, ಹಂಗೆ ನೋಡಿದ್ರೆ ಎಲ್ಲಾ ಬಾವೀಲೂ ಯಾರಾದ್ರೂ ಇರಬಹುದು. ಗೊತ್ತಿರೋದಕ್ಕೆ ಹೆದರ್ತೀವಿ, ಗೊತ್ತಿಲ್ದಿದ್ದಕ್ಕೆ ಹೆದರ್ಕೊಂಡು ಕೂತ್ರೆ ನಮ್ಮ ಕಸುಬು ನಡೆಯುತ್ತಾ? ಇಳೀರಲೇ."

ಅತ್ತೆ ಅಂದು ಮಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಸೊಪ್ಪಿನ ಕೆಲಸವನ್ನು ನನಗೆ ಬಿಟ್ಟು, ಬಾವಿಯ ದಂಡೆಗೆ ಹೋಗಿ ರಾಟೆಯ ಪಕ್ಕದಲ್ಲೇ ನಿಂತಳು. "ಒಂದೊಂದು ಮಂಕರೀನೂ ನಂಗೆ ತೋರಿಸಿ ಸುರೀರಪ್ಪ" ಅಂದಳು. ನಾನು ಹುಳುಗಳಿಗೆ ಸೊಪ್ಪು ಹಾಕುತ್ತಾ ಕಿವಿಯನ್ನು ಅಲ್ಲೇ ಇಟ್ಟಿದ್ದೆ. ರಾಟೆ ಕಿರ್ ಅಂದು ನಿಲ್ಲುತ್ತಿತ್ತು. ಆಮೇಲೆ ಕೆಸರು ರಪ್ಪನೆ ಬೀಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ನಾನು ಇನ್ನೊಂದು ಹಿಡಿ ಸೊಪ್ಪು ಹಾಕುತ್ತಿದ್ದೆ. ಮತ್ತೆ ಕಿರ್.

ಒಡೆದ ಮಡಕೆ ಬಂತು. ಪಂಪಿನ ಹಳೆಯ ಪೈಪಿನ ತುಂಡು ಬಂತು. ಒಂದು ಸಲ ರಾಟೆ ನಿಂತ ಮೇಲೆ ಕೆಸರು ಬೀಳುವ ಸದ್ದು ಬರಲೇ ಇಲ್ಲ. ಕೈಯಲ್ಲಿದ್ದ ಸೊಪ್ಪು ಬಿಟ್ಟು ಹೊರಗೆ ಓಡಿದೆ. ಮಂಕರಿಯಲ್ಲಿ ಒಂದು ಚಪ್ಪಲಿ ಇತ್ತು. ರಬ್ಬರಿನದು, ಗಂಡಸಿನದು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಹಿಡಿದಿದ್ದ. ಚಿಕ್ಕಮಾವ ಬೇವಿನ ಕಾಂಡಕ್ಕೆ ಮುಖ ಒತ್ತಿಕೊಂಡಿದ್ದರು. ಅತ್ತೆ ಚಪ್ಪಲಿ ಇಸಕೊಂಡು, ಕೆಸರನ್ನು ತನ್ನ ಸೆರಗಿನಲ್ಲೇ ಒರೆಸಿ, ತನ್ನ ಪಾದದ ಪಕ್ಕ ಇಟ್ಟು ಅಳೆದಳು. ಅವಳ ಪಾದಕ್ಕಿಂತ ಅದು ಚಿಕ್ಕದಿತ್ತು.

"ಅವರದು ದೊಡ್ಡ ಕಾಲು" ಅಂದಳು. "ಸುರೀರಿ."

ಸಂಜೆಯ ಹೊತ್ತಿಗೆ ಕೆಳಗಿನಿಂದ ಸಲಿಕೆ ಬಂಡೆಗೆ ತಗುಲುವ ಠಣ್ ಠಣ್ ಸದ್ದು ಕೇಳಿಸಿತು. "ತಳ ಬಂತಣ್ಣೋ!" ಅಂತ ಒಬ್ಬ ಕೂಗಿದ. "ಬಂಡೆ. ಎಲ್ಲಾ ಗುಡಿಸಿದ್ವಿ. ಏನೂ ಇಲ್ಲ." ಚಿಕ್ಕಮಾವ ಆಗ ದಂಡೆಗೆ ಬಂದು, ಕಲ್ಲು ಹಿಡಿದುಕೊಂಡು, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅಜ್ಜಿ ಅವರ ಬೆನ್ನಿಗೆ ಒಂದು ಗುದ್ದು ಗುದ್ದಿ, "ಚೂಸಿನಾವಾ? ನೋಡಿದೆಯಾ? ಸಾಕು ಬಾ, ನೀನೂ ಬಿದ್ದೀಯ" ಅಂದಳು. ಅವಳ ಚೊಂಬು ಸಿಗಲಿಲ್ಲ.

ಆ ಚಾಕು ಯಾರದು ಅಂತ ಕೊನೆಗೂ ತಿಳಿಯಲಿಲ್ಲ. ಮಾವ ಹೋದ ಮೇಲೆ ಒಂದೆರಡು ಸಲ ಪಂಪು ಎತ್ತಲು ಬಂದಿದ್ದ ಮೆಕ್ಯಾನಿಕ್ಕುಗಳಲ್ಲಿ ಯಾರೋ ಬೀಳಿಸಿಕೊಂಡಿರಬೇಕು ಅಂತ ಚಿಕ್ಕಮಾವ ಅಂದರು. ಮೇಸ್ತ್ರಿ ಕೇಳಿದ, ಕೊಟ್ಟುಬಿಟ್ಟರು.

ಹುಳು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಹತ್ತಿ, ಗೂಡು ಶಿಡ್ಲಘಟ್ಟಕ್ಕೆ ಹೋದ ಮೇಲೆ ಅತ್ತೆ ಒಂದು ದಿನ ಚಿಂತಾಮಣಿಗೆ ನನ್ನ ಬಳಿ ಬಂದಳು. ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗು ಅಂದಳು. ಅಷ್ಟು ವರ್ಷದಲ್ಲಿ ಮಾವ ಕಾಣೆಯಾಗಿದ್ದಾರೆ ಅಂತ ಮನೆಯವರು ಯಾರೂ ದೂರು ಕೊಟ್ಟಿರಲಿಲ್ಲ.

ಠಾಣೆಯಲ್ಲಿದ್ದ ದಫೇದಾರರು ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಏನಮ್ಮ, ಇಷ್ಟು ವರ್ಷ ಸುಮ್ನಿದ್ದು ಈಗ ಬಂದಿದೀರಲ್ಲ?"

"ಹೆದರಿಕೆ ಇತ್ತು ಸ್ವಾಮಿ."

"ಈಗ ಇಲ್ವಾ?"

"ಈಗ್ಲೂ ಇದೆ. ಬರ್ಕೊಳ್ಳಿ."

ಅವರು ಬರೆದುಕೊಂಡರು. ಫೋಟೋ ಕೇಳಿದರು. ಅತ್ತೆಯ ಬಳಿ ಇದ್ದದ್ದು ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ, ಇಬ್ಬರೂ ಇರುವ ಒಂದು ಫೋಟೋ ಮಾತ್ರ. ಒಬ್ಬರದೇ ಇಲ್ಲವಾ ಅಂದರು. ಇಲ್ಲ ಅಂದಳು. ಅದನ್ನೇ ಕಾಗದಕ್ಕೆ ಪಿನ್ ಮಾಡಿದರು. ಹೊರಗೆ ಬಂದು ನಾವಿಬ್ಬರೂ ಕಬ್ಬಿನ ಹಾಲು ಕುಡಿದೆವು. ಆಮೇಲೆ ಅತ್ತೆ ಕೆಂಚಾರ್ಲಹಳ್ಳಿಯ ಬಸ್ಸು ಹತ್ತಿದಳು.